ಗಂಡು ದಿಕ್ಕು

ಆದವಾನಿಯ ಬಸ್‌ಸ್ಟ್ಯಾಂಡಿನಲ್ಲಿ ಎಮ್ಮಿಗನೂರಿನ ಬಸ್ಸು ಹತ್ತುವ ಮೊದಲು ವಿಠ್ಠಲರಾಯ ಎದೆಯ ಜೇಬನ್ನು ಮೂರನೆಯ ಸಲ ಮುಟ್ಟಿ ನೋಡಿಕೊಂಡ. ಕಾಗದ ಅಲ್ಲೇ ಇತ್ತು. ಎಲ್ಲಿಗೆ ಹೋದೀತು ಪಾಪ, ಒಂಬತ್ತು ದಿನದಿಂದ ಅಂಗಿ ಬದಲಾದರೂ ಅದರ ವಾಸ ಅದೇ ಎಡಗಡೆಯ ಜೇಬು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಯಾರೂ ಏನೂ ಕೇಳದಿದ್ದರೂ ಅವನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ತಂಗಿ ಅಂಬೂಬಾಯಿಯನ್ನು ಊರಿನ ಒಂದು ಅಂಗನವಾಡಿಗೆ ಕಾರ್ಯಕರ್ತೆಯೆಂದು ನೇಮಿಸಿದ ಆರ್ಡರು ಅದು. ಈ ದಿನ ಸಂಜೆ ಐದು ಗಂಟೆಯೊಳಗೆ ಊರಿನ ಇಲಾಖಾ ಕಚೇರಿಯಲ್ಲಿ ಹಾಜರಾಗದಿದ್ದರೆ ನೇಮಕ ರದ್ದು, ಪಟ್ಟಿಯಲ್ಲಿ ಮುಂದಿನವರಿಗೆ ಕೊಡಲಾಗುವುದು ಎಂದು ಕೊನೆಯ ಸಾಲಿನಲ್ಲಿತ್ತು. ಅರ್ಜಿಯಲ್ಲಿ ಮನೆಯ ವಿಳಾಸದ ಬದಲು ತನ್ನ ಕಚೇರಿಯ ವಿಳಾಸ ಕೊಟ್ಟವನು ಅವನೇ. ಆಗ ಅದರಲ್ಲಿ ಕಪಟವಿರಲಿಲ್ಲ. ಪೋಸ್ಟ್‌ಮ್ಯಾನ್ ಬಾಗಿಲ ಸಂದಿಯಲ್ಲಿ ತೂರಿಸಿದ ಕಾಗದವನ್ನು ಅಂಬೂಬಾಯಿ ಮಡಿಯಲ್ಲಿರುವಾಗ ಮುಟ್ಟುವಂತಿಲ್ಲ, ಅದು ಅಂಗಳದ ನೀರಿನಲ್ಲಿ ತೊಯ್ದು ಹಾಳಾಗುತ್ತದೆ ಎಂದಷ್ಟೇ. ಆರ್ಡರು ಬಂದ ದಿನವೂ ಕಪಟವಿರಲಿಲ್ಲ. ಸಂಜೆ ಕೊಟ್ಟರಾಯಿತು ಎಂದುಕೊಂಡ. ಆ ಸಂಜೆ ತಲೆನೋವು. ಮರುದಿನ ಏಕಾದಶಿ. ಅದರ ಮರುದಿನ ಕೊಡೋಣವೆಂದರೆ ಆಗಲೇ ಎರಡು ದಿನ ತಡವಾಗಿತ್ತು, ಯಾಕೆ ತಡವಾಯಿತೆಂದು ಹೇಳಬೇಕಾಗುತ್ತಿತ್ತು. ಹೀಗೆ ಇವತ್ತು ಒಂಬತ್ತನೆಯ ದಿನ.

ಬೆಳಿಗ್ಗೆ ಅವನು ಹೊರಡುವ ಹೊತ್ತಿಗೆ ಅಂಬೂಬಾಯಿಯ ನಾಲ್ಕನೆಯ ಸ್ನಾನ ಮುಗಿದಿತ್ತು. ತಾಯಿ ಜಾನಕಿಬಾಯಿಗೆ ಲಕ್ವಾ ಹೊಡೆದು ಬಲಗಡೆಯ ಮೈ ಬಿದ್ದು ಮೂರು ವರ್ಷ. ನಾಲಿಗೆ ಒಂದಿಷ್ಟು ತೊದಲಿದರೂ ಆಚಾರ ತೊದಲಿರಲಿಲ್ಲ. ಮಡಿಯಲ್ಲಿ ಬೇಯಿಸಿದ್ದಲ್ಲದೆ ಬೇರೆ ಅನ್ನವನ್ನು ಆಕೆ ಬಾಯಿಗೆ ಸೇರಿಸುವವಳಲ್ಲ. ಆಕೆಯ ಹಾಸಿಗೆಯೋ, ಮೈಲಿಗೆಯ ತವರುಮನೆ. ಹಾಸಿಗೆ ಮುಟ್ಟಿದವರು ಒಲೆ ಮುಟ್ಟುವಂತಿಲ್ಲ. ಇಂಥ ಮನೆಗೆ ಕಡಿಮೆಯೆಂದರೂ ಇಬ್ಬರು ಹೆಂಗಸರು ಬೇಕು. ಇದ್ದವಳು ಒಬ್ಬಳೇ ಆದ್ದರಿಂದ ಅಂಬೂಬಾಯಿ ಸ್ನಾನ ಮಾಡಿ ಮಾಡಿ ಇಬ್ಬರಾಗುತ್ತಿದ್ದಳು. ನಡುಮನೆಯಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದಳು. ಗೆರೆಯ ಈಚೆ ಅವಳು ಹೊಲಸು ಬಟ್ಟೆ ಹಿಂಡುವ, ತಾಯಿಯನ್ನು ಮಗ್ಗುಲು ಹೊರಳಿಸುವ ಹೆಂಗಸು. ಗೆರೆಯ ಆಚೆ, ಗಳದ ಮೇಲಿಂದ ಕೋಲಿನಿಂದ ತೆಗೆದ ಮಡಿಸೀರೆಯ ಹೆಂಗಸು. ಈ ಇಬ್ಬರೂ ಒಬ್ಬರನ್ನೊಬ್ಬರು ಎಂದೂ ಮುಟ್ಟಿರಲಿಲ್ಲ. ಅನ್ನ ಕುದಿಯುವ ಹೊತ್ತಿಗೇ ಸರಿಯಾಗಿ ಹಾಸಿಗೆಯಿಂದ ‘ಅಂಬೂ’ ಎಂಬ ಕೂಗು ಬರುವುದು, ಅವಳು ಒಲೆಯ ಕಟ್ಟಿಗೆ ಹಿಂದಕ್ಕೆಳೆದು ಗೆರೆ ದಾಟಿ ಬರುವುದು, ಕೆಲಸ ಮುಗಿಸಿ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಅನ್ನಕ್ಕೆ ಮರಳುವುದು, ಅಷ್ಟರಲ್ಲಿ ಅನ್ನ ಮುದ್ದೆಯಾಗಿರುವುದು, ಮುದ್ದೆಯಾದ ಅನ್ನಕ್ಕೆ ತಾಯಿ ಮುಖ ಸಿಂಡರಿಸುವುದು. ಚಳಿಗಾಲದಲ್ಲಿ ಅವಳ ಕೂದಲು ಒಣಗಿದ್ದನ್ನು ವಿಠ್ಠಲರಾಯ ನೋಡಿದ ನೆನಪಿಲ್ಲ. ಗೆರೆ ಅವನಿಗೆ ಮಾತ್ರ ಅನ್ವಯಿಸುತ್ತಿರಲಿಲ್ಲ. ಅವನು ಯಾವುದನ್ನೂ ಮುಟ್ಟುತ್ತಿರಲಿಲ್ಲವಾದ್ದರಿಂದ ಎರಡೂ ಕಡೆಗೂ ಸಲ್ಲುತ್ತಿದ್ದ. ಗೆರೆಯ ಮೇಲೆಯೇ ಮಣೆ ಹಾಕಿಕೊಂಡು ಪೇಪರು ಓದುತ್ತಿದ್ದ.

ಬಸ್ಸು ಹತ್ತಿಯ ಮಂಡಿಯ ಪಕ್ಕದಲ್ಲಿ ಹಾದು ಹೊರಟಿತು. ಗಾಳಿಯಲ್ಲಿ ಹತ್ತಿಯ ಎಳೆ ತೇಲಿ ಬಂದು ಅವನ ಹುಬ್ಬಿಗೆ ಅಂಟಿಕೊಂಡಿತು. ತೆಗೆದು ಬಿಸಾಡಿದ, ಮತ್ತೊಂದು ಬಂದು ಕೂತಿತು. ಗೋನೆಗಂಡ್ಲ ಫಿರ್ಕಾದ, ಅಂದರೆ ಹೋಬಳಿಯ, ರೆವಿನ್ಯೂ ಇನ್‌ಸ್ಪೆಕ್ಟರ್ ಗೋನೆಗಂಡ್ಲದಲ್ಲೇ ಇರತಕ್ಕದ್ದು. ಆದರೆ ಹಾಸಿಗೆ ಹಿಡಿದ ತಾಯಿಯ ಸೇವೆಗಾಗಿ ಅವನಿಗೆ ದಿನವೂ ಆದವಾನಿಯಿಂದ ಓಡಾಡಲು, ಹನ್ನೊಂದಕ್ಕೆ ಮುಟ್ಟಲು ಸಾಹೇಬರು ಬಾಯಿಮಾತಿನ ಅಪ್ಪಣೆ ಕೊಟ್ಟಿದ್ದರು. ಕೊಡುವಾಗ ಎಲ್ಲರ ಎದುರಿಗೆ, ಈ ಕಾಲದಲ್ಲೂ ಇಂಥ ಮಕ್ಕಳಿದ್ದಾರೆ ನೋಡಿ ಎಂದು ಹೇಳಿದ್ದರು. ಗುಮಾಸ್ತರು ಅವನನ್ನು ಶ್ರವಣಕುಮಾರ ಎಂದು ಕರೆಯತೊಡಗಿದರು. ಮೊದಲು ಹಾಸ್ಯಕ್ಕೆ, ಆಮೇಲೆ ಅಭ್ಯಾಸಕ್ಕೆ. ಅವನೂ ತಡವಾಗಿ ಹೋದ ದಿನ ಬಾಗಿಲಲ್ಲೇ ಮುಖವನ್ನು ಒಂದಿಷ್ಟು ಇಳಿಬಿಟ್ಟು, ‘ರಾತ್ರಿಯೆಲ್ಲಾ ನಿದ್ದಿ ಇಲ್ರಿ’ ಎನ್ನುವುದನ್ನು ಕಲಿತ. ಅದು ಸುಳ್ಳಲ್ಲ, ನಿದ್ದೆ ಇರಲಿಲ್ಲ. ಯಾರಿಗೆ ಇರಲಿಲ್ಲ ಎಂದು ಯಾರೂ ಕೇಳಲಿಲ್ಲ. ನಲವತ್ತೆರಡಾದರೂ ಅವನಿಗೆ ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಹೆಣ್ಣಿನ ತಂದೆ ಅವನ ಸಂಬಳ ಕೇಳುವ ಮೊದಲು ಅವನ ತಾಯಿಯ ಆರೋಗ್ಯ ಕೇಳುತ್ತಿದ್ದ. ಉಪ್ಪಿಟ್ಟು ಮುಗಿಯುವಷ್ಟರಲ್ಲಿ, ಇವರು ಹುಡುಕುತ್ತಿರುವುದು ಸೊಸೆಯನ್ನಲ್ಲ, ಬಚ್ಚಲಿಗೂ ಒಲೆಗೂ ನಡುವೆ ಓಡಾಡುವ ಎರಡನೆಯ ಹೆಂಗಸನ್ನು ಎಂಬುದು ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು.

ಹಾಗೆ ನೋಡಿದರೆ ಆರ್ಡರನ್ನು ಕೊಡದೆ ಇಟ್ಟುಕೊಂಡಿದ್ದು ತಪ್ಪೇ ಅಲ್ಲ ಎಂದು ಎಮ್ಮಿಗನೂರು ಬರುವ ಹೊತ್ತಿಗೆ ಅವನು ಮತ್ತೊಮ್ಮೆ ತೀರ್ಮಾನಿಸಿದ. ಅದರ ನಾಲ್ಕನೆಯ ಷರತ್ತು ಹಾಗಿತ್ತು. ಅಂಬೂಬಾಯಿ ಆಯ್ಕೆಯಾಗಿದ್ದು ಗಂಡ ಬಿಟ್ಟ, ದಿಕ್ಕಿಲ್ಲದ ಹೆಂಗಸರ ಕೋಟಾದಲ್ಲಿ. ಗಂಡ ಬಿಟ್ಟದ್ದು ಊರಿಗೇ ಗೊತ್ತು, ಹದಿನಾಲ್ಕು ವರ್ಷದ ಹಿಂದೆ ಸೊಲ್ಲಾಪುರಕ್ಕೆ ಹೋದವನು ಅಲ್ಲಿ ಬೇರೆ ಸಂಸಾರ ಹೂಡಿಕೊಂಡು ಆರಾಮಾಗಿದ್ದ. ಆದರೆ ಹಾಜರಾಗುವಾಗ, ಈಕೆಗೆ ಪೋಷಿಸುವ ಗಂಡು ದಿಕ್ಕು ಯಾರೂ ಇಲ್ಲವೆಂದು ರೆವಿನ್ಯೂ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರ ದೃಢೀಕರಣ ತರಬೇಕಿತ್ತು. ಅವಳಿಗೆ ಅಣ್ಣನಿದ್ದಾನೆ. ಅಣ್ಣನೇ ರೆವಿನ್ಯೂ ಇನ್‌ಸ್ಪೆಕ್ಟರ್. ಇಂಥವಳಿಗೆ ದಿಕ್ಕಿಲ್ಲವೆಂದು ಯಾವ ಬಾಯಿಂದ ಹೇಳುವುದು? ಆದ್ದರಿಂದ ಆರ್ಡರು ಹುಟ್ಟಿದಾಗಲೇ ಸತ್ತಿದೆ. ಸತ್ತದ್ದನ್ನು ಅವಳಿಗೆ ತೋರಿಸಿ ನೋಯಿಸುವುದೇಕೆ. ಈ ವಾದದಲ್ಲಿ ಎಲ್ಲಿಯೂ ತೂತು ಕಾಣಲಿಲ್ಲ. ಆದರೂ ಕೈ ಜೇಬಿಗೆ ಹೋಯಿತು.

ಗೋನೆಗಂಡ್ಲದಲ್ಲಿ ಇಳಿದು ಮೈಲಿ ದೂರದ ಹಳ್ಳಿಗೆ ನಡೆದ. ಊರ ಕಾವಲಿನ ತಳಾರಿ, ದಸ್ತಗಿರಿ ಎಂಬವನು, ದಾರಿಯಲ್ಲೇ ಎದುರಾಗಿ, ಬ್ಯಾಗನ್ನು ಕಸಿದುಕೊಂಡು, ಎಲ್ಲ ರೆಡಿ ಐತಿ ಸಾರು ಎಂದ. ವಿಚಾರಣೆ ಇದ್ದದ್ದು ಗಾದಿಲಿಂಗಮ್ಮ ಎಂಬ ಮುದುಕಿಯ ವೃದ್ಧಾಪ್ಯ ಪಿಂಚಣಿಯ ಅರ್ಜಿಯ ಮೇಲೆ. ಅರ್ಜಿದಾರಳು ನಡೆಯಲಾರದವಳು ಎಂದು ಅರ್ಜಿಯಲ್ಲಿತ್ತು. ಅರ್ಜಿದಾರಳು ಚಾವಡಿಗೆ ಖುದ್ದು ಹಾಜರಾಗತಕ್ಕದ್ದು ಎಂದು ನೋಟೀಸಿನಲ್ಲಿತ್ತು. ಇವೆರಡನ್ನೂ ಸೇರಿಸಿದ್ದು ಸೊಸೆ ಉರುಕುಂದಮ್ಮ. ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಓಣಿಯುದ್ದ ನಡೆದು ಬಂದು, ಚಾವಡಿಯ ಕಟ್ಟೆಯ ಮೇಲೆ ಗೋಣಿತಾಟು ಹಾಸಿ ಕೂರಿಸಿ, ಮುದುಕಿ ಹೊರಳದ ಹಾಗೆ ಬದಿಗೆ ತನ್ನ ಮೊಣಕಾಲು ಕೊಟ್ಟು ನಿಂತಿದ್ದಳು. ಮೂವತ್ತು ದಾಟಿರದ ಹೆಂಗಸು. ಬೆವರಿಗೆ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು. ಅವಳ ಗಂಡ, ಮುದುಕಿಯ ಸಣ್ಣ ಮಗ, ತೀರಿಕೊಂಡು ಆರು ವರ್ಷವಾಗಿತ್ತೆಂದೂ, ಹತ್ತಿ ಬಿಡಿಸುವ ಕೂಲಿಗೆ ಹೋಗೋಣವೆಂದರೆ ಮುದುಕಿಯನ್ನು ಬಿಟ್ಟು ಹೋಗುವಂತಿಲ್ಲ, ಹೋಗದಿದ್ದರೆ ಮುದುಕಿಗೆ ಹಾಕಲು ಏನೂ ಇಲ್ಲವೆಂದೂ ದಸ್ತಗಿರಿ ವಿವರಿಸಿದ. ವಿಠ್ಠಲರಾಯ ಫಾರಂ ಬಿಚ್ಚಿದ. ಅದರಲ್ಲಿ ಗಂಡನಿಗೆ, ಇಪ್ಪತ್ತು ದಾಟಿದ ಮಗನಿಗೆ, ಮೊಮ್ಮಗನಿಗೆ ಒಂದೊಂದು ಕಾಲಂ ಇತ್ತು. ಸೊಸೆಗೆ ಕಾಲಂ ಇರಲಿಲ್ಲ. ಫಾರಮಿನ ಕಣ್ಣಿಗೆ ಆ ಮೊಣಕಾಲು ಕಾಣುವಂತಿರಲಿಲ್ಲ.

ಇಪ್ಪತ್ತು ದಾಟಿದ ಮಗ ಯಾರಾದರೂ ಉಂಟೋ ಎಂದು ಕೇಳಿದ ಕೂಡಲೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಬೀಡಿ ಸೇದುತ್ತಿದ್ದವನೊಬ್ಬ ಎದ್ದು ನಿಂತ. ತಲೆಗೆ ಟವೆಲು ಸುತ್ತಿದ್ದ, ನಲವತ್ತೈದರ ಗಟ್ಟಿ ಆಳು.

‘ನಾ ಅದೀನಲ್ರಿ ಸಾರು. ದುರುಗಣ್ಣ. ಹಿರೇಮಗ.’

ದಸ್ತಗಿರಿ ಹಣೆ ಚಚ್ಚಿಕೊಂಡ. ವಿಠ್ಠಲರಾಯ, ತಾಯಿಗೆ ಉಣಿಸುವುದು ನೀನೇನೋ ಎಂದು ಕೇಳಿದ. ಅದು ಹೆಂಗಸರ ಕೆಲಸ ಎಂದ ದುರುಗಣ್ಣ. ಸ್ನಾನ? ಅದೂ ಅಷ್ಟೇ. ಕಾಳು ಕಡ್ಡಿ ಕೊಡುತ್ತೀಯೋ? ಅವರ ಒಲೆ ಬೇರೆ, ನಮ್ಮ ಒಲೆ ಬೇರೆ ಸಾರು. ಹಾಗಾದರೆ ನೀನು ಮಾಡುವುದೇನು ಎಂದು ಕೇಳಿದಾಗ ಅವನು ನಿಜವಾಗಿಯೂ ಯೋಚಿಸಿದ. ಮೋಸದವನಲ್ಲ, ಪ್ರಾಮಾಣಿಕವಾದ ಉತ್ತರ ಹುಡುಕುತ್ತಿದ್ದ.

‘ನಾ ಇರ್ತೀನ್ರಿ’ ಎಂದ ಕೊನೆಗೆ. ‘ಮಗ ಅಂತ ಒಬ್ಬಾವ ಇರಬೇಕಲ್ರಿ ಮನಿಗೆ.’

ಕಟ್ಟೆಯ ಮೇಲಿದ್ದ ನಾಲ್ಕು ಜನ ಅದಕ್ಕೆ ತಲೆದೂಗಿದರು. ವಿಠ್ಠಲರಾಯನಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಸೀಮೆಸುಣ್ಣದ ಗೆರೆಯ ಮೇಲೆ ಮಣೆ ಹಾಕಿ ಪೇಪರು ಓದುವವನ ಬೆನ್ನು ಕಣ್ಣಿಗೆ ಕಟ್ಟಿತು, ತನ್ನ ಬೆನ್ನನ್ನು ತಾನೇ ಹಿಂದಿನಿಂದ ನೋಡಿದ ಹಾಗೆ. ಮಗನಿದ್ದರೆ ಪಿಂಚಣಿ ಇಲ್ಲವಯ್ಯಾ ಎಂದು ಅವನು ರೂಲು ಹೇಳಿದ. ಹಳ್ಳಿಯವರು ಗುಸುಗುಸು ಮಾತಾಡಿಕೊಂಡರು. ಕೊನೆಗೆ ದಸ್ತಗಿರಿಯೇ ಉಪಾಯ ಕಂಡುಹಿಡಿದ. ದುರುಗಣ್ಣ ಇರುವುದರಿಂದ ತಾನೇ ತೊಂದರೆ? ವಿಚಾರಣೆ ಮುಗಿಯುವ ತನಕ ಅವನು ಇಲ್ಲದಂತಾದರೆ ಸರಿಯಲ್ಲವೇ? ಊರು ಬಿಟ್ಟು ಓಡಿಹೋದ, ಪತ್ತೆಯಿಲ್ಲ ಎಂದು ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ. ದುರುಗಣ್ಣ ಒಳ್ಳೆಯವನು, ತಾಯಿಗೆ ನಾಲ್ಕು ಕಾಸು ಬರುವುದಾದರೆ ಆಗಲಿ ಎಂದು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಚಾವಡಿಯ ಬೇವಿನ ಮರದ ಹಿಂದಕ್ಕೆ ಹೋಗಿ ಕೂತ. ಮರ ಅಷ್ಟು ದಪ್ಪವಿರಲಿಲ್ಲ. ಎರಡೂ ಬದಿಗೆ ಅವನ ಭುಜ ಕಾಣುತ್ತಿತ್ತು. ವಿಠ್ಠಲರಾಯ ವಿಚಾರಣೆ ಮುಂದುವರಿಸಿದ. ಮುದುಕಿಯ ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಯಾರೋ ಎಪ್ಪತ್ತು ಎಂದರು. ಎಪ್ಪತ್ತಲ್ಲ, ಇನ್ನೂ ಜಾಸ್ತಿ, ಡ್ಯಾಮು ಕಟ್ಟೋ ಕಾಲಕ್ಕ ಆಕಿಗೆ ನಾವಿಬ್ರೂ ಹುಟ್ಟಿದ್ವಿ ಎಂದು ಮರದ ಹಿಂದಿನಿಂದ ತಿದ್ದುಪಡಿ ಬಂತು. ದಸ್ತಗಿರಿ ಆ ಕಡೆ ತಿರುಗಿ, ‘ಲೇ, ನೀ ಇಲ್ಲ, ಮಾತಾಡಬ್ಯಾಡ’ ಎಂದು ಗದರಿಸಿದ. ಮರ ಸುಮ್ಮನಾಯಿತು.

ಕಾಲಮಿಗೆ ಮಸಿ ಮುಟ್ಟಿಸುವ ಹೊತ್ತಿಗೆ ದುರುಗಣ್ಣನಿಗೆ ಏನೋ ಹೊಳೆದಿರಬೇಕು. ತಲೆ ಹೊರಗೆ ಹಾಕಿ, ಸರ್ಕಾರದ ಕಾಗದದಲ್ಲಿ ನಾನಿಲ್ಲ ಎಂದಾದರೆ ನಾಳೆ ಹೊಲದ ಪಾಲಿಗೂ ನಾನಿಲ್ಲ ಎಂದಾಗುವುದಿಲ್ಲವೇ ಎಂದು ಕೇಳಿದ. ಅವನು ಎದ್ದು ಬೆನ್ನಿನ ಮಣ್ಣು ಒರೆಸಿಕೊಂಡು ಮತ್ತೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟ. ‘ಬ್ಯಾಡ್ರಿ ಸಾರು. ಅದೀನಿ ಅಂತ ಬರಕೊಳ್ರಿ’ ಎಂದ. ಉರುಕುಂದಮ್ಮ ಅವನನ್ನು ಬೈಯಲಿಲ್ಲ, ವಿಠ್ಠಲರಾಯನನ್ನು ಬೇಡಿಕೊಳ್ಳಲೂ ಇಲ್ಲ. ಇದು ಹೀಗೇ ಆಗುವುದು ಎಂದು ಗೊತ್ತಿದ್ದವಳ ಹಾಗೆ ಸೆರಗು ಸೊಂಟಕ್ಕೆ ಬಿಗಿದು ಬೆನ್ನು ಬಗ್ಗಿಸಿದಳು. ಗೋಣಿತಾಟು ಮುದುಕಿಯ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಸುತ್ತ ನೋಡಿದಳು. ಹತ್ತಿರ ಇದ್ದವನು ವಿಠ್ಠಲರಾಯನೇ.

‘ಒಂದೀಟು ಹಿಡಕೋರಿ ಸಾಮಿ, ತಾಟು ತಕ್ಕಂತೀನಿ.’

ಅವನು ಬೇರೆ ಯಾರಾದರೂ ಮುಂದೆ ಬಂದಾರೆಂದು ಕಾದ. ಕಟ್ಟೆಯ ಗಂಡಸರು ತಮಗೆ ಹೇಳಿದ್ದಲ್ಲ ಎಂಬಂತೆ ಕೂತಿದ್ದರು. ಅವನ ಎರಡು ಕೈಗಳು ಮುಂದೆ ಹೋದವು, ಮುದುಕಿ ಅವುಗಳ ಮೇಲೆ ಬಂದಳು. ಹೊತ್ತುಕೊಂಡ ಮೇಲೆಯೇ ಅವನಿಗೆ ತಿಳಿದದ್ದು, ಅವನು ಜೀವಮಾನದಲ್ಲಿ ಇನ್ನೊಂದು ಮನುಷ್ಯಜೀವವನ್ನು ಎತ್ತಿಕೊಂಡಿರಲಿಲ್ಲ. ಮೈಲಿಗೆಯ ವಿಚಾರ ತಲೆಗೆ ಬಂದು ಹೋಯಿತು. ಅದಕ್ಕಿಂತ ದೊಡ್ಡದೊಂದು ಗಾಬರಿ ಅದನ್ನು ಪಕ್ಕಕ್ಕೆ ನೂಕಿತು. ಮುದುಕಿ ಎಷ್ಟು ಹಗುರ, ಹಗುರವಾಗಿದ್ದೂ ಎಷ್ಟು ಕಷ್ಟ. ತಲೆಗೆ ಕೈ ಕೊಟ್ಟರೆ ಸೊಂಟ ಜಾರುತ್ತಿತ್ತು, ಸೊಂಟ ಹಿಡಿದರೆ ಕಾಲು ಜೋಲುತ್ತಿದ್ದವು. ಹರಳೆಣ್ಣೆ ಮತ್ತು ಉಚ್ಚೆಯ ವಾಸನೆ. ಇದು ಅವನ ಮನೆಯದೇ ವಾಸನೆ, ಗೆರೆಯ ಹಾಸಿಗೆಯ ಬದಿಯಿಂದ ದಿನವೂ ಬರುವುದು. ಮುದುಕಿ ಭಯಕ್ಕೆ ಅವನ ಎದೆಯ ಜೇಬನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಒಳಗಿನ ಕಾಗದ ಸುಕ್ಕಾಗಿ ಪರಚಿತು.

‘ಯಾರಪ್ಪ ನೀ’ ಎಂದು ಅವಳು ಕೇಳಿದಳು. ಉತ್ತರಕ್ಕೆ ಕಾಯದೆ, ‘ನಿನಗ ಹಿಡಿಯಾಕ ಬರವಲ್ದು, ಇಳಸು’ ಎಂದಳು.

ನಾಲ್ಕು ಜನ ನಕ್ಕರು. ಉರುಕುಂದಮ್ಮ ನಗಲಿಲ್ಲ; ಅತ್ತೆಯನ್ನು ಅವನ ಕೈಯಿಂದ ಬೆನ್ನಿಗೆ ವರ್ಗಾಯಿಸಿಕೊಂಡು, ಗೋಣಿತಾಟನ್ನು ಕಂಕುಳಲ್ಲಿಟ್ಟುಕೊಂಡು ಓಣಿಯಲ್ಲಿ ಹೊರಟುಹೋದಳು. ವಿಠ್ಠಲರಾಯನ ಕಿವಿ ಬಿಸಿಯಾಗಿದ್ದವು. ಅವನು ಕಾಲಂ ತುಂಬಲಿಲ್ಲ. ಆಮೇಲೆ ಬರೆಯುತ್ತೇನೆಂದು ಫಾರಮನ್ನು ಮಡಚಿ ಬ್ಯಾಗಿಗೆ ಹಾಕಿದ.

ಕಚೇರಿಗೆ ಹೋಗದೆ ಹತ್ತಿದ ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಈ ಬಸ್ಸು ಕೆಡಲಿ ಎಂದು ಅವನು ಮಂತ್ರಾಲಯದ ಸ್ವಾಮಿಗಳನ್ನು ಬೇಡಿಕೊಂಡ. ಎಮ್ಮಿಗನೂರಿನ ಈಚೆ ಟೈರು ಸಿಡಿದರೂ ಸಾಕು, ಐದು ದಾಟುತ್ತದೆ. ತನ್ನದೇನೂ ತಪ್ಪಿಲ್ಲದೆ ದಾಟುತ್ತದೆ. ವಾರಕ್ಕೆ ಎರಡು ಸಲವಾದರೂ ಕೆಡುವ ಬಸ್ಸು ಅಂದು ಹಟ ಹಿಡಿದವರ ಹಾಗೆ ಓಡಿತು. ಎಮ್ಮಿಗನೂರಿನಲ್ಲಿ ಆದವಾನಿಯ ಬಸ್ಸು ಅವನಿಗಾಗಿಯೇ ನಿಂತಿತ್ತು, ಕಂಡಕ್ಟರು ಹೆಸರು ಹಿಡಿದು ಕರೆದ. ಅವನು ಫಾರಮನ್ನು ತೊಡೆಯ ಮೇಲೆ ಬಿಚ್ಚಿದ. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಆ ಕಾಲಮಿನಲ್ಲಿ ‘ಇದ್ದಾನೆ’, ‘ಇಲ್ಲ’ ಎಂಬೆರಡನ್ನು ಬಿಟ್ಟು ಬೇರೇನೂ ಬರೆದಿರಲಿಲ್ಲ. ಈಗ ಬಸ್ಸಿನ ಕುಲುಕಾಟದಲ್ಲಿ, ಕಚೇರಿಯ ತೆಲುಗಿನಲ್ಲಿ, ಮಗನಿದ್ದಾನೆ, ಆಸರೆ ಇಲ್ಲ, ನೋಡಿಕೊಳ್ಳುತ್ತಿರುವವಳು ಸೊಸೆ ಎಂದು ಬರೆದ. ಸಾಹೇಬರು ಇದನ್ನು ವಾಪಸು ಎಸೆಯುತ್ತಾರೆಂದು ಗೊತ್ತಿತ್ತು. ಅಕ್ಷರ ಕೋಳಿ ಕೆದರಿದಂತೆ ಬಂದಿದ್ದವು. ಅದನ್ನು ನೋಡುತ್ತಾ ಅವನಿಗೆ ಒಂದು ಥರದ ಧೈರ್ಯ ಬಂತು, ಜ್ವರ ಬಂದಾಗ ಬರುತ್ತದಲ್ಲ ಅಂಥದ್ದು. ಬಸ್ಸು ಇಳಿದಾಗ ನಾಲ್ಕೂ ಹತ್ತು. ಎಂದೂ ಆಟೋ ಹತ್ತದವನು ಆಟೋ ಹತ್ತಿದ.

ಅಂಬೂಬಾಯಿ ಹಿತ್ತಲಿನಲ್ಲಿ ತಾಯಿಯ ಬಟ್ಟೆಗಳನ್ನು ಕಲ್ಲಿಗೆ ಬಡಿಯುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಅಣ್ಣನನ್ನು ಕಂಡು, ಮೈಗೆ ಆರಾಮ ಇಲ್ಲೇನು ಎಂದು ಕೇಳಿದಳು. ಅವನು ಆರ್ಡರನ್ನು ಚಾಚಿದ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡು ಓದಿದಳು. ಮೊದಲು ತಾರೀಖು, ಆಮೇಲೆ ಕೆಳಗಿನಿಂದ ಮೇಲಕ್ಕೆ, ಆಮೇಲೆ ಮೇಲಿನಿಂದ ಕೆಳಕ್ಕೆ. ಕೂದಲಿನಿಂದ ಒಂದು ಹನಿ ಸಹಿಯ ಮೇಲೆ ಬಿತ್ತು. ಅವಳು ಅದನ್ನು ಜಾಗ್ರತೆಯಿಂದ ಒತ್ತಿ ತೆಗೆದಳು.

‘ನಿನ್ನ ಜೇಬಿನಾಗ ಏನೋ ಅದ ಅಂತ ನನಗ ಗೊತ್ತಿತ್ತು’ ಎಂದಳು. ‘ಒಗಿಯಾಕ ಹಾಕೋ ಅಂಗಿ ಜೇಬು ಎಂದಾರ ಖಾಲಿ ಮಾಡಾವೇನು ನೀನು? ಒಂಬತ್ತು ದಿನದಿಂದ ಖಾಲಿ ಬರ್ಲಿಕ್ಕತ್ತಿದ್ವು. ಯಾವುದಾರ ಹೆಣ್ಣಿನ ಜಾತಕ ಇರಬೇಕು, ಹೇಳ್ಲಿಕ್ಕೆ ನಾಚಿಕೊಂಡಾನ ಅಂದುಕೊಂಡೆ. ಛಲೋ ಆತು, ಮನಿಗೆ ಇನ್ನೊಬ್ಬಾಕಿ ಬರ್ತಾಳ ಅಂತ ಸ್ವಾಮಿಗೆ ತುಪ್ಪದ ದೀಪ ಸುದ್ದಾ ಹಚ್ಚಿದೆ.’

ಅವಳು ಕೂಗಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ತುಪ್ಪದ ದೀಪಕ್ಕೆ ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಮೂರು ವರ್ಷದಿಂದ ಇವಳು ಕಾಯುತ್ತಿದ್ದದ್ದು ಒಣಗಿದ ಕೂದಲಿಗಾಗಿ, ಅಷ್ಟೇ. ಅದನ್ನೂ ಅವನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದ್ದ. ಏನಾದರೂ ಹೇಳಬೇಕಲ್ಲ ಎಂದು ನಾಲ್ಕನೆಯ ಷರತ್ತು ತೋರಿಸಿದ. ಗಂಡು ದಿಕ್ಕು ಇಲ್ಲವೆಂದು ಹೇಗೆ ಬರೆಯಲಿ, ನಾನಿದ್ದೇನಲ್ಲ ಎನ್ನಲು ಹೋದ. ಅಂಬೂಬಾಯಿ ಷರತ್ತನ್ನು ಓದಿ, ಒಳಗೆ ಹೋಗಿ ಗಡಿಯಾರ ನೋಡಿಕೊಂಡು ಬಂದಳು.

‘ಇನ್ನ ಮೂವತ್ತೈದು ಮಿನಿಟು ಅದ. ಕೂಡು, ಬರಿ.’

ಅವನು ಮಣೆ ಹಾಕಿಕೊಂಡು ಕೂತು ಬ್ಯಾಗಿನಿಂದ ಸರ್ಕಾರಿ ಹಾಳೆ, ಸೀಲು, ಮಸಿಯ ಡಬ್ಬಿ ತೆಗೆದ. ಖುದ್ದು ವಿಚಾರಣೆ ಮಾಡಲಾಗಿ ಎಂದು ಮೊದಲ ಸಾಲು ಬರೆದು ನಿಂತ. ವಿಚಾರಣೆ ಮಾಡದೆ ಮಾಡಿದ್ದೇನೆಂದು ಬರೆಯುವ ಅಭ್ಯಾಸ ಅವನಿಗಿರಲಿಲ್ಲ. ಆದ್ದರಿಂದ ತಲೆ ಎತ್ತದೆ, ಸ್ವಂತ ತಂಗಿಗೆ, ಹೆಸರೇನು ಎಂದು ಕೇಳಿದ. ಅವಳು ಹೇಳಿದಳು. ಗಂಡ ಬಿಟ್ಟು ಎಷ್ಟು ವರ್ಷ ಎಂದು ಕೇಳಿದ. ಅದನ್ನೂ ಹೇಳಿದಳು. ನಿನ್ನನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದಾಗ, ಬಾಯಿಗೆ ಪಿನ್ನು ಕಚ್ಚಿಕೊಂಡು ಸೀರೆಯ ನೆರಿಗೆ ಹಿಡಿಯುತ್ತಿದ್ದ ಅವಳು ಪಿನ್ನು ತೆಗೆದು, ‘ಯಾರೂ ಇಲ್ಲ’ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಮನೆಯಲ್ಲಿ ಬೆಲ್ಲ ಇಲ್ಲ ಎನ್ನುವ ಹಾಗೆ. ಅವನು ಬರೆದುಕೊಂಡ. ಇಂಥ ದೃಢೀಕರಣದ ಕೊನೆಗೆ ಒಂದು ಸಾಲು ಕಡ್ಡಾಯ: ಅರ್ಜಿದಾರಳು ನನ್ನ ಸಂಬಂಧಿಕಳಲ್ಲ. ಪೆನ್ನು ಅಲ್ಲಿಗೆ ಬಂದು ನಿಂತಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅವಳ ಮದುವೆಯಲ್ಲಿ ಅರಳು ಹಾಕಿದ ಕೈ ಇದೇ.

‘ಅದನ್ನೂ ಬರಿ’ ಎಂದಳು ಅಂಬೂಬಾಯಿ. ‘ಟೈಮ್ ಆತು.’

ಬರೆದ. ಸಾಕ್ಷಿಗೆ ಒಂದು ಹೆಬ್ಬೆಟ್ಟು ಬೇಕಿತ್ತು, ಅದಕ್ಕೆ ನೆರೆಯವರನ್ನು ಕರೆಯುವಷ್ಟು ಹೊತ್ತಿರಲಿಲ್ಲ. ಇಬ್ಬರೂ ತಾಯಿಯ ಹಾಸಿಗೆಯ ಹತ್ತಿರ ಹೋದರು. ಜಾನಕಿಬಾಯಿ ಎಡಗೈ ನೀಡುವ ಮೊದಲು ಅದರಲ್ಲಿ ಏನು ಬರೆದಿದೆ ಎಂದು ಕೇಳಿದಳು, ನೋಡದೆ ಒತ್ತುವವಳಲ್ಲ. ಅಂಬೂಬಾಯಿ ನನಗೆ ದಿಕ್ಕು ಯಾರೂ ಇಲ್ಲವೆಂದು ಬರೆದಿದೆ ಎಂದಳು. ಮುದುಕಿ ಮಗಳನ್ನು ನೋಡಿದಳು, ಮಗನನ್ನು ನೋಡಿದಳು.

‘ಖರೇ ಅದ’ ಎಂದು ತೊದಲಿದಳು. ಹೆಬ್ಬೆರಳು ಒತ್ತಿದ ಮೇಲೆ, ‘ವಿಠ್ಠಲಗೂ ಯಾರೂ ಇಲ್ಲ ಪಾಪ. ಅದನ್ನೂ ಬರೀರಿ’ ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಅಂಬೂಬಾಯಿಗೆ ನಗು ಬಂತು, ಎಷ್ಟೋ ದಿನದ ಮೇಲೆ. ನಗುತ್ತಲೇ ಹಾಳೆಯ ಮಸಿ ಆರಲೆಂದು ಊದಿ, ಆರ್ಡರಿನ ಜೊತೆ ಮಡಚಿ, ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ನಾಳೆಯಿಂದ ಒಂಬತ್ತರಿಂದ ಒಂದರ ತನಕ ಮಕ್ಕಳ ಹತ್ತಿರ ಇರಬೇಕಂತೆ, ಆ ಹೊತ್ತಿಗೆ ಇಲ್ಲಿ ಏನು ಮಾಡುವುದೆಂದು ರಾತ್ರಿ ಮಾತಾಡೋಣ, ಹಾಲು ಮುಚ್ಚಿಟ್ಟಿದ್ದೇನೆ, ಅವ್ವನ್ನ ಒಂದು ಸಲ ಎಡಕ್ಕೆ ಹೊರಳಿಸು ಎಂದು ಹೇಳುತ್ತಾ ಹೇಳುತ್ತಾ ಹೊಸ್ತಿಲು ದಾಟಿದಳು. ನಾನು ಬರಲೇನು ಎಂದು ಅವನು ಕೇಳಿದ. ಸಂಬಂಧಿಕನಲ್ಲದವನು ಯಾಕೆ ಬರಬೇಕು ಎಂದು ಓಣಿಯಿಂದ ಉತ್ತರ ಬಂತು. ಅವಳು ಓಡುತ್ತಿದ್ದಳು. ಮೂವತ್ತಾರು ವರ್ಷದ ಹೆಂಗಸು ಸೀರೆ ಎತ್ತಿ ಹಿಡಿದು ಓಡುವುದನ್ನು ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು.

ಅವಳ ಹೆಜ್ಜೆಯ ಸದ್ದು ಅಡಗಿ ಹತ್ತು ನಿಮಿಷವಾಗಿರಲಿಲ್ಲ, ಹಾಸಿಗೆಯಿಂದ ‘ಅಂಬೂ’ ಎಂಬ ಕೂಗು ಬಂತು. ವಿಠ್ಠಲರಾಯ ಹೋಗಿ ನಿಂತ. ವಾಸನೆಯೇ ವಿಷಯ ತಿಳಿಸಿತು. ಅವನು ಅಂಗಿ ಬಿಚ್ಚಿಟ್ಟು, ಬಚ್ಚಲಿನಿಂದ ಬಿಸಿನೀರು, ಹಳೆಯ ಧೋತರದ ತುಂಡುಗಳನ್ನು ತಂದ. ಬೋಗುಣಿ ಎಲ್ಲಿದೆಯೆಂದು ಹುಡುಕಲು ಮೂರು ಸಲ ಗೆರೆ ದಾಟಿದ. ಕೈ ಮುಂದೆ ಮಾಡಿದಾಗ ಜಾನಕಿಬಾಯಿ ಎಡಗೈಯಿಂದ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

‘ನೀ ಬ್ಯಾಡ. ಗಂಡಸು ನೀ. ಅಂಬೂ ಬರ್ಲಿ.’

ಅವಳು ಬರಲು ತಡವಾಗುತ್ತದೆಂದು ಅವನು ಹೇಳಿದ. ಬರಲಿ, ಕಾಯುತ್ತೇನೆ ಎಂದಳು ತಾಯಿ. ಅವನು ಬೋಗುಣಿ ಹಿಡಿದು ನಿಂತೇ ಇದ್ದ. ನೊಣ ಬಂದವು. ಪೇಪರಿನಿಂದ ನೊಣ ಓಡಿಸಿದ. ಬೆನ್ನಿನ ಹುಣ್ಣಿಗೆ ತೇವ ತಗಲಿ ಉರಿಯುತ್ತಿರಬೇಕು, ಅವಳ ಮುಖ ಗಂಟಿಕ್ಕಿತ್ತು. ಆದರೂ ಹೊದಿಕೆ ಬಿಡಲಿಲ್ಲ. ಇವಳು ತನ್ನನ್ನು ಹೆತ್ತವಳು, ಈ ಕೈಯೇ ತನ್ನ ಹೊಲಸನ್ನು ಎಷ್ಟು ವರ್ಷ ಬಳಿದಿದೆ ಎಂದೆಲ್ಲ ಹೇಳಬೇಕೆನಿಸಿತು. ಅದು ಕಚೇರಿಯಲ್ಲಿ ಹೇಳುವ ಮಾತಿನ ಹಾಗೆ ಕೇಳುತ್ತದೆಂದು ಸುಮ್ಮನಾದ. ಹೊರಗೆ ಮಿಲ್ಲಿನ ಸೈರನ್ನು ಐದು ಹೊಡೆಯಿತು. ಅಂಬೂ ಕಚೇರಿ ಮುಟ್ಟಿದಳೋ ಇಲ್ಲವೋ. ಬೋಗುಣಿಯ ನೀರು ಆರಿತು. ಅವನು ಹೋಗಿ ಬೇರೆ ಬಿಸಿನೀರು ತಂದ.

‘ಕಣ್ಣು ಮುಚ್ಚಿಕೊಂಡು ಮಾಡ್ತೀಯೇನು?’ ಎಂದು ತಾಯಿ ಕೇಳಿದಳು, ಎಷ್ಟೋ ಹೊತ್ತಿನ ಮೇಲೆ.

‘ಹೂಂ ಅವ್ವಾ.’

ಹೊದಿಕೆಯ ಮೇಲಿನ ಬೆರಳು ಸಡಿಲಾದವು. ಅವನು ಕಣ್ಣು ಮುಚ್ಚಿಕೊಂಡು ಕೈ ಹಾಕಿದ. ಕತ್ತಲೆಯಲ್ಲಿ ಯಾವುದು ಬಟ್ಟೆ, ಯಾವುದು ಚರ್ಮ ತಿಳಿಯಲಿಲ್ಲ. ಕೆಳಗೆ, ಅಲ್ಲಲ್ಲ, ಎಡಕ್ಕೆ, ಮೆಲ್ಲಗ ಎಂದು ತಾಯಿಯ ತೊದಲು ದಾರಿ ಹೇಳುತ್ತಿತ್ತು. ಒಮ್ಮೆ ನೀರು ಚೆಲ್ಲಿ ಅವನ ಪಂಚೆ ನೆನೆಯಿತು. ಇನ್ನೊಮ್ಮೆ ಒರಟಾಗಿ ಎಳೆದು ಅವಳು ನೋವಿನಿಂದ ನರಳಿದಳು. ಹುಣ್ಣು ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಕೇಳಿರಲಿಲ್ಲ. ಅವನು ಕಣ್ಣು ಬಿಟ್ಟ. ಬೆನ್ನಿನ ಕೆಳಗೆ ಅಂಗೈಯಗಲದ ಕೆಂಪು ಇತ್ತು. ಅದರ ಸುತ್ತ ಅಂಬೂಬಾಯಿ ಬೆಳಿಗ್ಗೆ ಹಚ್ಚಿದ ಮುಲಾಮು ಹಾಗೇ ಇತ್ತು. ಅವನು ಬಟ್ಟೆಯನ್ನು ಹಿಂಡಿ, ಅದಕ್ಕೆ ತಗಲದ ಹಾಗೆ ಸುತ್ತಲೂ ಒರೆಸಿದ.

‘ಮುಚ್ಚೀಯಿಲ್ಲೋ?’ ಎಂದಳು ತಾಯಿ.

ಅವನು ತಲೆಯೆತ್ತಿ ನೋಡಿದ. ಅವಳೇ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ರೆಪ್ಪೆಗಳ ಬುಡದಲ್ಲಿ ನೀರು ನಿಂತಿತ್ತು.

‘ಮುಚ್ಚೀನಿ ಅವ್ವಾ’ ಎಂದು ಹೇಳಿ, ಅವನು ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದ.